ಸೂಜಿ ಎತ್ತುವ ಡ್ಯೂಟಿ

ಶರಣಪ್ಪನವರ ಕೈ ಮೊದಲು ಎದ್ದಿತೋ, ಬಂಡೆ ಸಿಡಿದ ಸದ್ದು ಮೊದಲು ಬಂತೋ, ನನಗೆ ಖಾತ್ರಿಯಿಲ್ಲ. ಇಷ್ಟು ವರ್ಷ ಕೈಯೇ ಮೊದಲು ಎಂದು ಹೇಳಿಕೊಂಡು ಬಂದಿದ್ದೇನೆ. ಆದರೆ ಒಂದು ಸಂಗತಿಯನ್ನು ಹತ್ತಾರು ಕಡೆ ಹೇಳಿದ ಮೇಲೆ, ನೆನಪಿರುವುದು ನಡೆದದ್ದೋ ಅಥವಾ ಹೋದ ಸಲ ಹೇಳಿದ್ದೋ ಎಂದು ಬಿಡಿಸಿ ನೋಡುವುದು ಕಷ್ಟವಾಗುತ್ತದೆ. ನಾನು ಓದಿದ್ದು ಭೌತಶಾಸ್ತ್ರ. ಯಾರು ಏನೇ ಹೇಳಿದರೂ ‘ಹೌದಾ, ಹೇಗೆ ಗೊತ್ತು?’ ಎಂದು ಕೇಳುವ ಚಟ ಅಲ್ಲಿಂದ ಅಂಟಿಕೊಂಡಿತು. ಅದೇ ಪ್ರಶ್ನೆಯನ್ನು ಈಗ ನನ್ನ ತಲೆಗೇ ಕೇಳಬೇಕಾಗಿದೆ.

ಹೋದ ಚಳಿಗಾಲದಲ್ಲಿ ಕೆಲಸದ ಮೇಲೆ ಹೈದರಾಬಾದಿಗೆ ಹೋದಾಗ ಲಿಂಗಂಪಲ್ಲಿ ಸ್ಟೇಷನ್ನಿನ ಎದುರು ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವನು ನನ್ನ ಫೋನಿನೊಳಗೆ ಏನನ್ನೋ ಬೆಸೆಯುತ್ತಿದ್ದ. ಬೆಸುಗೆಯ ರಾಳ ಸುಟ್ಟ ವಾಸನೆ ಮೂಗಿಗೆ ಬಂದದ್ದೇ ತಡ, ಅಲ್ಲೇ ಹಿಂದಿನ ಬೀದಿಯಲ್ಲಿದ್ದ ಕ್ಯಾಪ್ಟನ್ ಪಾಟೀಲರ ಮನೆಯ ನಡುಮನೆ ಪೂರ್ತಿಯಾಗಿ ಎದುರಿಗೆ ಬಂತು. ವಾಸನೆಯನ್ನು ನಾನು ನಂಬುತ್ತೇನೆ. ಅದರ ಹಿಂದೆ ಬಂದ ಉಳಿದದ್ದನ್ನು ಅಷ್ಟಾಗಿ ಅಲ್ಲ.

ಆಗ ನಾನು ಲಿಂಗಂಪಲ್ಲಿಯ ಆಚೆ ಇದ್ದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ರಾಯಚೂರಿನಿಂದ ಬಂದವನು, ಹಾಸ್ಟೆಲ್ಲಿನ ಗಲಾಟೆ ಒಗ್ಗದೆ ಪಾಟೀಲರ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಲೋಕಲ್ ರೈಲು ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳು ಸುತ್ತ ಹಬ್ಬುತ್ತ ನಮ್ಮ ಕಡೆಗೂ ಬರುತ್ತಿದ್ದವು. ಆ ಊರಿನ ನೆಲ ಎಂದರೆ ಬಂಡೆ. ಒಂದರ ಮೇಲೊಂದು ಯಾರೋ ಆಟಕ್ಕೆ ಇಟ್ಟುಹೋದಂತೆ ಕೂತ ಹೆಬ್ಬಂಡೆಗಳು. ಕಟ್ಟಡ ಏಳಬೇಕಾದರೆ ಬಂಡೆ ಸಿಡಿಯಬೇಕು. ಭಾನುವಾರವೂ ಬಿಡುವಿಲ್ಲ. ಕಲಬುರಗಿ, ಯಾದಗಿರಿ ಕಡೆಯ ಕೂಲಿಯವರು ಕುಳಿ ಕೊರೆಯುತ್ತಿದ್ದರು, ಮಧ್ಯಾಹ್ನ ಒಬ್ಬ ಕೆಂಪು ಬಟ್ಟೆ ಬೀಸುತ್ತ ಸೀಟಿ ಊದುತ್ತಿದ್ದ, ಎಲ್ಲರೂ ಓಡಿ ಮರೆಯಾಗುತ್ತಿದ್ದರು, ಆಮೇಲೆ ಢಂ.

ಪಾಟೀಲರು ಧಾರವಾಡದ ಕಡೆಯವರು. ಸೈನ್ಯದಲ್ಲಿ ವೈರ್‌ಲೆಸ್ ವಿಭಾಗದಲ್ಲಿದ್ದು, ಆನರರಿ ಕ್ಯಾಪ್ಟನ್ ಆಗಿ ನಿವೃತ್ತರಾಗಿ, ಆಮೇಲೆ ಇಲ್ಲೊಂದು ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ಎರಡನೆಯ ಸಲವೂ ನಿವೃತ್ತರಾಗಿದ್ದರು. ಅವರ ಜೀವ ಇದ್ದದ್ದು ಹಾಡು ಕೇಳುವ ಯಂತ್ರಗಳಲ್ಲಿ. ಹಾಡಿನಲ್ಲಿ ಎಂದು ಬರೆಯಲು ಹೊರಟು ತಡೆದೆ. ಯಂತ್ರಗಳಲ್ಲಿ ಎನ್ನುವುದೇ ಸರಿ. ಗಾಜಿನ ವಾಲ್ವುಗಳು ಕೆಂಪಗೆ ಉರಿಯುವ ಹಳೇ ಕಾಲದ ಆಂಪ್ಲಿಫೈಯರನ್ನು ಸ್ವಂತ ಕೈಯಿಂದ ಕಟ್ಟಿದ್ದರು. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಬಡಗಿಯ ಹತ್ತಿರ ಕೂತು ಮಾಡಿಸಿದ್ದರು. ಆ ವಾಲ್ವುಗಳಲ್ಲಿ ಮನುಷ್ಯನನ್ನು ಕೊಲ್ಲುವಷ್ಟು ಕರೆಂಟು ಹರಿಯುತ್ತದೆಂದು ಮನೆಯಲ್ಲೂ ರಬ್ಬರ್ ಚಪ್ಪಲಿ ಹಾಕಿಕೊಂಡು, ಎಡಗೈ ಪ್ಯಾಂಟಿನ ಜೇಬಿನಲ್ಲಿಟ್ಟು, ಬಲಗೈ ಒಂದರಿಂದಲೇ ಕೆಲಸ ಮಾಡುತ್ತಿದ್ದರು. ಎರಡು ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹರಿಯುತ್ತದೆ, ಅದಕ್ಕೆ. ಈ ಅಭ್ಯಾಸ ಎಷ್ಟು ಬೇರೂರಿತ್ತೆಂದರೆ ಚಹಾ ಕುಡಿಯುವಾಗಲೂ ಎಡಗೈ ಜೇಬಿನಲ್ಲೇ.

“ತಾಳೀನೂ ಒಂದ ಕೈಲೇ ಕಟ್ಟ್ಯಾರ ನೋಡ್ರಿ ನನಗ,” ಎನ್ನುತ್ತಿದ್ದರು ಅವರ ಹೆಂಡತಿ. ಎಲ್ಲರಿಗೂ ಅವರು ವೈನಿ, ಅಂದರೆ ಅತ್ತಿಗೆ.

ಭಾನುವಾರ ಮಧ್ಯಾಹ್ನ ಇನ್ನಿಬ್ಬರು ಬರುತ್ತಿದ್ದರು. ಖಾದರ್ ಭಾಯಿ ಬೀದರದವರು, ವಾಯುಸೇನೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದವರು. ಬೆಳಿಗ್ಗೆಯೆಲ್ಲ ಸುಲ್ತಾನ್ ಬಜಾರಿನ ಸಂದಿಗಳಲ್ಲಿ ಅಲೆದು ಹಳೇ ರೆಕಾರ್ಡು ಹುಡುಕಿ, ಬಗಲಲ್ಲಿ ಅವುಚಿಕೊಂಡು ಬರುತ್ತಿದ್ದರು. ಹವಾಲ್ದಾರ್ ಶರಣಪ್ಪನವರು ಕುಷ್ಟಗಿ ಕಡೆಯವರು, ತೋಪಖಾನೆಯವರು. ಸನತ್‌ನಗರದ ಒಂದು ಸಣ್ಣ ಫ್ಯಾಕ್ಟರಿಯ ಗೇಟಿನಲ್ಲಿ ಕಾವಲಿಗಿದ್ದು, ಅಲ್ಲಿಂದ ಲೋಕಲ್ ಹತ್ತಿ ಬರುತ್ತಿದ್ದರು. ಅವರದು ಒಂದೇ ಕೆಲಸ, ಆದರೆ ಎಲ್ಲಕ್ಕಿಂತ ದೊಡ್ಡದು. ರೆಕಾರ್ಡಿನ ಮೇಲೆ ಸೂಜಿ ಇಡುವುದು, ಎತ್ತುವುದು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ, ಪಾಟೀಲರೂ.

ಸೂಜಿ ಪರದೇಶದಿಂದ ಬಂದದ್ದು. ತಯಾರಿಸುತ್ತಿದ್ದವರು ಅದನ್ನು ನಿಲ್ಲಿಸಿಬಿಟ್ಟಿದ್ದರು. “ಇದು ಹೋತಂದ್ರ ನಮ್ಮ ಭಾನುವಾರ ಹೋತು,” ಎನ್ನುತ್ತಿದ್ದರು ಪಾಟೀಲರು. ಬಂಡೆ ಸಿಡಿತದ ಹೊಡೆತದಿಂದ ಅದನ್ನು ಕಾಪಾಡಲು ಅವರು ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ಲನ್ನು ಒಂದು ಕಲ್ಲು ಚಪ್ಪಡಿಯ ಮೇಲಿಟ್ಟು, ಚಪ್ಪಡಿಯ ಕೆಳಗೆ ಅರೆಗಾಳಿ ತುಂಬಿದ ಸೈಕಲ್ ಟ್ಯೂಬ್ ಸುತ್ತಿಟ್ಟಿದ್ದರು. ನೆಲದ ನಡುಕವನ್ನು ಟ್ಯೂಬು ನುಂಗುತ್ತಿತ್ತು. ಆದರೆ ಕಿಟಕಿಯಿಂದ ನುಗ್ಗುವ ಗಾಳಿಯ ಏಟಿಗೆ ಏನೂ ಮಾಡುವಂತಿರಲಿಲ್ಲ. ಅದಕ್ಕೇ ಈ ಡ್ಯೂಟಿ: ಸೀಟಿ ಆದ ಕೂಡಲೇ ಶರಣಪ್ಪನವರು ಸೂಜಿ ಎತ್ತಬೇಕು, ಢಂ ಆಗಿ ಕಿಟಕಿ ನಡುಗಿ ನಿಂತ ಮೇಲೆ, ಹಾಡು ಎಲ್ಲಿ ನಿಂತಿತ್ತೋ ಅಲ್ಲೇ ಇಳಿಸಬೇಕು. ಆಲಾಪದ ಮಧ್ಯದಲ್ಲಿ ಎತ್ತಿ ಅದೇ ಉಸಿರಿಗೆ ವಾಪಸ್ ಇಳಿಸಿದ್ದನ್ನು ನೋಡಿದ್ದೇನೆ. ಅಥವಾ ನೋಡಿದೆ ಅಂದುಕೊಂಡಿದ್ದೇನೆ.

ಅವರಿಗೆ ಇನ್ನೊಂದು ಮರ್ಯಾದೆಯೂ ಇತ್ತು. ಸದ್ದು ಸರಿಯಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವವರು ಅವರೇ. ದೂರದ ತೋಪು ಹಾರಿದರೆ ಸದ್ದಿನಿಂದಲೇ ಯಾವುದೆಂದು ಹೇಳುತ್ತಿದ್ದರಂತೆ. ಹಾಡು ಮುಗಿದ ಮೇಲೆ ಪಾಟೀಲರು ಅವರ ಮುಖ ನೋಡುತ್ತಿದ್ದರು.

“ಚಲೋ ಐತ್ರಿ ಸಾಹೇಬ್ರ. ಮ್ಯಾಲಿನ ಸ್ವರ ಮಾತ್ರ ಸ್ವಲ್ಪ ಮಂದ ಆಗೇತಿ ನೋಡ್ರಿ.”

ಪಾಟೀಲರು ವಾರವಿಡೀ ಕೂತು ಯಾವುದೋ ಕೆಪಾಸಿಟರ್ ಬದಲಿಸಿ ಮೇಲಿನ ಸ್ವರ ಏರಿಸುತ್ತಿದ್ದರು. ಮುಂದಿನ ಭಾನುವಾರ ಮತ್ತೆ, “ಸ್ವಲ್ಪ ಮಂದ.” ಮತ್ತೆ ಬೆಸುಗೆ, ಮತ್ತೆ ರಾಳದ ವಾಸನೆ. ನಾನು ಸೇರಿದ ಹೊತ್ತಿಗೆ ಅಲ್ಲಿ ಸಿತಾರು ಕೇಳಿದರೆ ಹಲ್ಲು ಚುರುಗುಟ್ಟುತ್ತಿತ್ತು. ನಾನು ಇದನ್ನೇ ಉತ್ತಮ ಶ್ರವಣ ಎನ್ನುತ್ತಾರೇನೋ ಎಂದು ಸುಮ್ಮನಿದ್ದೆ. ಖಾದರ್ ಭಾಯಿ ಕೂಡ ವಯಸ್ಸಾದ ತನ್ನ ಕಿವಿಯದೇ ದೋಷ ಇರಬೇಕೆಂದು ಸುಮ್ಮನಿದ್ದರು. ಸುಮ್ಮನಿರದವರು ವೈನಿ.

“ಹಂಚಿನ ಮ್ಯಾಲೆ ಚಮಚಾ ಕೆರದಂಗ ಕೇಳಸ್ತದ. ಇದಕ್ಕ ಒಂದು ವರ್ಷದಿಂದ ಕುಂತು ಬೆಸಿಗಿ ಹಾಕಾಕತ್ತೀರಿ?”

“ನಿನಗೇನ ತಿಳೀತೈತಿ? ಶರಣಪ್ಪನ ಕಿವಿ ಅಂದ್ರ ಕಿವಿ.”

“ಹಂಗಾರ ಮ್ಯಾಲಿನ ಮಾಸ್ತರನ್ನ ಕೇಳ್ರಿ. ಅವರು ಓದಿದ್ದು ಇದನ್ನ ಅಲ್ಲೇನು?”

ಮಹಡಿಯ ಮಾಸ್ತರ ಎಂದರೆ ನಾನೇ; ಹೀಗೆ ನಡುವೆ ಬಂದೆ. ವಿಭಾಗದ ಪ್ರಯೋಗಾಲಯದಿಂದ ಒಂದೊಂದೇ ಸ್ವರವನ್ನು ಕೆಳಗಿನಿಂದ ಮೇಲಕ್ಕೆ ನುಡಿಸುವ ಪೆಟ್ಟಿಗೆ ತಂದೆ. ಪಾಟೀಲರಿಗೆ ನನ್ನನ್ನೂ ವೈನಿಯನ್ನೂ ಸುಳ್ಳು ಮಾಡುವ ಉತ್ಸಾಹ. ಶರಣಪ್ಪನವರು ನಮಗೆ ಬೆನ್ನು ಮಾಡಿ ಕೂತು, ಸ್ವರ ಕೇಳಿದಾಗ ಬೆರಳು ಎತ್ತಬೇಕು. ಅವರು ಕೂರುತ್ತಿದ್ದ ಜಾಗ ಯಾವಾಗಲೂ ಒಂದೇ. ನಾವೆಲ್ಲ ಸ್ಪೀಕರ್ ಎದುರಿನ ದಪ್ಪ ಜಮಖಾನದ ಮೇಲೆ, ಖಾದರ್ ಭಾಯಿ ದಿವಾನದ ಮೇಲೆ ಕಾಲು ಮಡಚಿಕೊಂಡು. ಅವರೊಬ್ಬರು ಜಮಖಾನದ ಆಚೆ, ಟರ್ನ್‌ಟೇಬಲ್ ಪಕ್ಕ ಒಂದು ಗಿಡ್ಡ ಮಣೆಯ ಮೇಲೆ, ಬರಿಗಾಲನ್ನು ಶಹಾಬಾದ್ ಕಲ್ಲಿನ ನೆಲಕ್ಕೆ ಊರಿ.

ಕೆಳಗಿನ ಸ್ವರಗಳಿಗೆ ಬೆರಳು ಪಟಪಟನೆ ಎದ್ದಿತು. ನಾನು ಸ್ವರ ಏರಿಸುತ್ತ ಹೋದೆ. ಒಂದು ಹಂತದಲ್ಲಿ ಬೆರಳು ತಡವರಿಸಿತು. ಆಮೇಲೆ ಏಳಲೇ ಇಲ್ಲ. ಇನ್ನೂ ಏರಿಸಿದೆ. ಖಾದರ್ ಭಾಯಿ ಎರಡೂ ಕಿವಿ ಮುಚ್ಚಿಕೊಂಡರು. ಅಡುಗೆಮನೆಯಿಂದ ವೈನಿ, “ಏ, ಏನದು ಕುಕ್ಕರ್ ಸೀಟಿ, ಬಂದ್ ಮಾಡ್ರಿ!” ಎಂದು ಕೂಗಿದರು.

ಶರಣಪ್ಪನವರು ನಗುತ್ತ ನಮ್ಮ ಕಡೆ ತಿರುಗಿದರು. “ಯಾಕ್ರಿ ಮಾಸ್ತರ, ಸುಮ್ನ ಕುಂತ್ರಿ? ನಡೀಲಿ ಮುಂದಿಂದು.”

ಸ್ವರ ಇನ್ನೂ ಕಿರುಚುತ್ತಿತ್ತು. ಅವರು ಖಾದರ್ ಭಾಯಿಯ ಕೈಗಳು ಕಿವಿಯ ಮೇಲಿದ್ದದ್ದನ್ನು ನೋಡಿದರು, ಪೆಟ್ಟಿಗೆಯ ಮೇಲೆ ಉರಿಯುತ್ತಿದ್ದ ದೀಪ ನೋಡಿದರು. ನಗು ನಿಂತಿತು.

ನಾನು ಪೆಟ್ಟಿಗೆ ಆರಿಸಿದೆ. ಖಾದರ್ ಭಾಯಿ ಕಿವಿಯಿಂದ ಕೈ ತೆಗೆದು, “ಅರೆ ಭಾಯಿ, ಅಂದ್ರ ಇಡೀ ವರ್ಷ ಕ್ಯಾಪ್ಟನ್ ಸಾಬ್ ನಿನ್ನ ಕಿವಿ ಅಳತಿಗೆ ಅಂಗಿ ಹೊಲಿದು ನಮಗೆಲ್ಲಾ ತೊಡಿಸ್ಲತ್ತಾರ!” ಎಂದು ನಕ್ಕರು. ಪಾಟೀಲರೂ ಅರ್ಧ ನಕ್ಕರು. ಶರಣಪ್ಪನವರು ನಗಲಿಲ್ಲ.

ಪಾಟೀಲರು ಮೆಲ್ಲಗೆ ಕೇಳಿದರು: “ಹವಾಲ್ದಾರ್, ಹಂಗಾರ ಸೀಟಿ ಹೆಂಗ ಕೇಳ್ತಿತ್ತೋ ನಿನಗ?”

“ಕೇಳ್ತಿದ್ದಿಲ್ರಿ.” ನೆಲ ನೋಡುತ್ತ ಹೇಳಿದರು. “ಸೀಟಿ ಆದ ಕೂಡ್ಲೆ ನೀವು ಕಿಡಕಿ ಕಡೆ ಹೊಳ್ಳತೀರಿ. ಖಾದರ್ ಭಾಯಿ ಮೊಣಕಾಲು ಅಲಗಾಡ್ಸೂದು ನಿಂದರಸ್ತಾನ. ನಿಮ್ಮ ಮಾರಿ ನೋಡ್ಕೋತ ಎತ್ತತಿದ್ದೆ.”

ಉಳಿದದ್ದನ್ನೂ ಹೇಳಿದರು. ಫ್ಯಾಕ್ಟರಿಯ ಗೇಟಿನಲ್ಲಿ ಲಾರಿ ಕ್ಲೀನರನ ಸೀಟಿ ಕೇಳದೆ ಗೇಟು ತೆಗೆಯದ್ದಕ್ಕೆ ದೀಪಾವಳಿಗೆ ಮುಂಚೆಯೇ ಕೆಲಸದಿಂದ ಬಿಡಿಸಿದ್ದರು. ನಮಗೆ ಗೊತ್ತಿರಲಿಲ್ಲ. “ಮನ್ಯಾಗ ಕುಂದ್ರು ಅಂದ್ರು. ವಾರಕ್ಕೊಂದ ಇದೊಂದ ಡ್ಯೂಟಿ ಉಳದಿತ್ರಿ.” ಅಂಗಿಯ ಜೇಬಿನಿಂದ ರೆಕಾರ್ಡಿನ ಧೂಳು ಒರೆಸುವ ಮಖಮಲ್ಲಿನ ಬ್ರಷ್ ತೆಗೆದು ಚಪ್ಪಡಿಯ ಮೇಲಿಟ್ಟರು.

ಬೇಡ, ಇರಲಿ ಎಂದು ಪಾಟೀಲರು ಹೇಳುತ್ತಾರೆಂದು ನಾನು ಕಾದೆ. ಅವರು ಹೇಳಲಿಲ್ಲ. ಸೂಜಿಯನ್ನು ನೋಡಿದರು, ಬ್ರಷ್ ಎತ್ತಿ ಖಾದರ್ ಭಾಯಿಗೆ ಕೊಟ್ಟರು. ಸೈನ್ಯದಲ್ಲಿ ಕಲಿತದ್ದು ಅದೇ ಇರಬೇಕು: ಡ್ಯೂಟಿ ಸ್ನೇಹದ ಮೇಲೆ ನಿಂತದ್ದಲ್ಲ. ನನಗೆ ಅದು ಆಗಲೂ ಸರಿ ಕಂಡಿತ್ತು, ಈಗಲೂ ತಪ್ಪು ಅನ್ನಿಸುವುದಿಲ್ಲ. ಆದರೆ ಆ ದಿನ ಯಾರೂ ಚಹಾ ಪೂರ್ತಿ ಕುಡಿಯಲಿಲ್ಲ.

ಮುಂದಿನ ಭಾನುವಾರ ಶರಣಪ್ಪನವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಪಾಟೀಲರು ಹಳೆಯ ಕೆಪಾಸಿಟರುಗಳನ್ನೇ ಮರಳಿ ಕೂರಿಸಿದರು. ಸದ್ದು ಬೆಣ್ಣೆಯಾಯಿತು. ವೈನಿ ಕೂಡ ಬಾಗಿಲಲ್ಲಿ ನಿಂತು ಕೇಳಿದರು. ಆದರೂ ರೆಕಾರ್ಡು ಮುಗಿದ ಮೇಲೆ ಪಾಟೀಲರ ಕಣ್ಣು ಅಭ್ಯಾಸಬಲದಿಂದ ಆ ಖಾಲಿ ಮಣೆಯ ಕಡೆ ಹೋಗುತ್ತಿತ್ತು. ಖಾದರ್ ಭಾಯಿ ಸೂಜಿಯನ್ನು ವಿಮಾನ ಇಳಿಸಿದಂತೆ ದಢಕ್ಕನೆ ಇಳಿಸುತ್ತಿದ್ದರು.

ವೈನಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಒಂದು ಡಬ್ಬಿ ಕೊಟ್ಟು ನನ್ನನ್ನು ಸನತ್‌ನಗರಕ್ಕೆ ಕಳಿಸಿದರು. ಕಾರ್ಮಿಕರ ಸಾಲುಮನೆಗಳಲ್ಲಿ ಒಂದರ ಹೊರಗೆ ಶರಣಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಹಳೆಯ ರೇಡಿಯೋ. ಅದರ ನೆತ್ತಿಯ ಮೇಲೆ, ದನದ ಬೆನ್ನ ಮೇಲೆ ಇಟ್ಟಂತೆ, ಅಂಗೈ ಊರಿದ್ದರು. ಹಾಡು ಹಾಗೆ ಕೇಳುತ್ತಾರೆಂದು ನನಗೆ ಆಗ ಹೊಳೆಯಲಿಲ್ಲ.

“ಅಲ್ಲಿ ಬಂದು ಏನ ಮಾಡ್ಲಿರಿ ಮಾಸ್ತರ? ತೋಪು ಕಸಗೊಂಡ ಮ್ಯಾಲೆ ತೋಪಿನವಗ ಏನ್ ಕೆಲಸ?”

“ವೈನಿ ಹೇಳಿದಾರ್ರಿ, ನೀವು ಬರದಿದ್ದರ ಆ ಮಣಿ ಮ್ಯಾಲೆ ತಾವೇ ಬಂದು ಕುಂದ್ರತಾರಂತ. ಆಮೇಲೆ ಚಾ ಯಾರಿಗೂ ಇಲ್ಲಂತ.”

ಅವರು ರೇಡಿಯೋ ಬಂದ್ ಮಾಡಿ ಡಬ್ಬಿ ತೆಗೆದುಕೊಂಡರು. “ವೈನಿಯವರ ಮಾತು ಹೆಡ್‌ಕ್ವಾರ್ಟರ್ ಆರ್ಡರ್ ಇದ್ದಂಗ ಬಿಡ್ರಿ,” ಎಂದರು.

ಬಂದರು. ಅದೇ ಮಣೆ, ಅದೇ ಬರಿಗಾಲು. ಏನನ್ನೂ ಮುಟ್ಟಲಿಲ್ಲ. ಪಾಟೀಲರು ಕೇಳಿದಾಗ “ಚಲೋ ಐತ್ರಿ” ಎಂದಷ್ಟೇ ಹೇಳುತ್ತಿದ್ದರು. ಅವರಿಗೆ ಈಗ ಹಾಡು ಅರ್ಧವೂ ಕೇಳುತ್ತಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಊರಿಗೆ ಹೋಗುವ ಮಾತು ಶುರುಮಾಡಿದ್ದರು. ಬೇಸಿಗೆ ಏರಿತು. ಮೊದಲ ಮಳೆಗೆ ಮುಂಚಿನ ಬಿರುಗಾಳಿಗಳು ಸುರುವಾದವು. ಸಿಡಿತ ನಮ್ಮ ಹಿಂದಿನ ಬೀದಿಯ ಬಯಲಿನವರೆಗೂ ಬಂದಿತ್ತು.

ಇನ್ನು ಆ ದಿನ. ನನಗೆ ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ಗಾಳಿ ಜೋರಾಗಿತ್ತು, ನಮ್ಮ ಮನೆಯಿಂದ ಬಯಲಿನ ಕಡೆಗೆ ಬೀಸುತ್ತಿತ್ತು. ಖಾದರ್ ಭಾಯಿ ಅಂದು ಒಬ್ಬ ಮುದಿ ಗಾಯಕಿಯ ಭೈರವಿಯ ರೆಕಾರ್ಡು ತಂದಿದ್ದರು. ಅದನ್ನು ಹಚ್ಚಿ, ಬ್ರಷ್ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದ್ದರು. ಪಾಟೀಲರೂ ಕಣ್ಣು ಮುಚ್ಚಿದ್ದರು. ಸೀಟಿ ನಮಗ್ಯಾರಿಗೂ ಕೇಳಿಸಲಿಲ್ಲ. ಊದಲಿಲ್ಲವೋ, ಗಾಳಿ ಹೊತ್ತೊಯ್ದಿತೋ ತಿಳಿಯದು. ಅಂದರೆ ಶರಣಪ್ಪನವರಿಗೆ ಓದಲು ಒಂದು ಮುಖವೂ ಇರಲಿಲ್ಲ.

ನನ್ನ ನೆನಪಿನಲ್ಲಿ ಅವರ ಕೈ ತಟ್ಟನೆ ಚಪ್ಪಡಿಯ ಕಡೆ ಹೋಯಿತು, ಸೂಜಿ ಎದ್ದಿತು, ಹಾಡು ಕತ್ತರಿಸಿ ನಿಂತಿತು. ಖಾದರ್ ಭಾಯಿ ಕಣ್ಣು ಬಿಟ್ಟು, “ಅರೆ, ಕ್ಯಾ ಕಿಯಾ ಭಾ—” ಎನ್ನುವಷ್ಟರಲ್ಲಿ ಢಂ. ಅಲ್ಲಿಯವರೆಗೆ ಕೇಳಿದ್ದಕ್ಕೆಲ್ಲ ಅಪ್ಪನಂಥ ಸದ್ದು. ಕಿಟಕಿಯ ಒಂದು ಗಾಜು ಒಡೆದು ಜಮಖಾನದ ಮೇಲೆ ಬಿತ್ತು. ರೆಕಾರ್ಡು ಅಲುಗಿ ಅಲುಗಿ ಸುತ್ತುತ್ತಿತ್ತು. ಅದರ ಮೇಲೆ, ಗಾಳಿಯಲ್ಲಿ, ಸೂಜಿ ಕ್ಷೇಮವಾಗಿತ್ತು.

ವೈನಿ ಓಡಿಬಂದರು. “ಯಾರಿಗೂ ಹತ್ತಿಲ್ಲಲ್ಲ?”

“ಸೀಟಿ ಎಲ್ಲಿ ಆಯ್ತು?” ಎಂದು ಖಾದರ್ ಭಾಯಿ ಎಲ್ಲರನ್ನೂ ಕೇಳುತ್ತಿದ್ದರು.

“ನಿನಗ ಹೆಂಗ ಗೊತ್ತಾತೋ?” ಪಾಟೀಲರು ಶರಣಪ್ಪನವರನ್ನು ಕೇಳಿದರು.

“ನೆಲ ಹೇಳ್ತದಲ್ರಿ,” ಎಂದರು ಅವರು. ಎಲ್ಲರಿಗೂ ಗೊತ್ತಿರುವ ಮಾತನ್ನು ಯಾಕೆ ಕೇಳುತ್ತಾರೆ ಎನ್ನುವ ಹಾಗೆ.

ಆಗ ಪಾಟೀಲರು ಎಡಗೈಯನ್ನು ಜೇಬಿನಿಂದ ತೆಗೆದರು. ಖಾದರ್ ಭಾಯಿಯ ತೊಡೆಯ ಮೇಲಿದ್ದ ಬ್ರಷ್ ಎತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು ಶರಣಪ್ಪನವರಿಗೆ ಕೊಟ್ಟರು. “ಡ್ಯೂಟಿ ಸಂಭಾಳಸ್ಕೊ ಹವಾಲ್ದಾರ್.”

ಖಾದರ್ ಭಾಯಿ, “ಶುಕರ್ ಅಲ್ಲಾಂದು, ನನಗ ಕೈ ನಡುಗ್ಲತ್ತಿತ್ತು,” ಎಂದರು. ಗಾಜು ಗುಡಿಸಿದ ಮೇಲೆ ಶರಣಪ್ಪನವರು ರೆಕಾರ್ಡು ಒರೆಸಿ ಸೂಜಿ ಇಳಿಸಿದರು. ಅದೇ ಉಸಿರಿಗೆ ಇಳಿಯಿತೆಂದು ಬರೆಯಲು ಆಸೆ. ಇಲ್ಲ, ಸ್ವಲ್ಪ ಹಿಂದೆ ಇಳಿಯಿತು. ಆ ಸಾಲನ್ನು ಮತ್ತೊಮ್ಮೆ ಕೇಳಿದೆವು.

ಊರಿಗೆ ಹೋಗುವ ಮಾತು ನಿಂತಿತು. ಆ ವಾರ ಪಾಟೀಲರು ಆಂಪ್ಲಿಫೈಯರಿಗೆ ಒಂದು ಹೊಸ ಗುಂಡಿ ಬೆಸೆದರು. ಒಂದು ಕಡೆ ತಿರುಗಿಸಿದರೆ ನಮ್ಮ ಕಿವಿಗೆ, ಇನ್ನೊಂದು ಕಡೆ ತಿರುಗಿಸಿದರೆ ಶರಣಪ್ಪನವರ ಕಿವಿಗೆ. ರೆಕಾರ್ಡಿನ ಒಂದು ಮಗ್ಗುಲು ನಮಗೆ, ಒಂದು ಮಗ್ಗುಲು ಅವರಿಗೆ ಎಂದು ಗೊತ್ತುಮಾಡಿದರು. ಅವರ ಮಗ್ಗುಲು ಬಂದಾಗ ಖಾದರ್ ಭಾಯಿ ಕಿವಿಗೆ ಹತ್ತಿ ತುಂಬಿಕೊಳ್ಳುತ್ತಿದ್ದರು. ವೈನಿ, “ಹಿಟ್ಟು ಬೀಸಿಸ್ಕೊಂಡು ಬರ್ತೀನಿ,” ಎಂದು ಗಿರಣಿಗೆ ಹೊರಟುಬಿಡುತ್ತಿದ್ದರು. ಶರಣಪ್ಪನವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು, ಅಂಗಾಲು ನೆಲಕ್ಕೆ ಊರಿ. ಮಳೆಗಾಲ ಪೂರ್ತಿ ಹೀಗೇ ನಡೆಯಿತು. ಆಮೇಲೆ ನಾನು ಸಂಶೋಧನೆ ಅರ್ಧಕ್ಕೆ ಬಿಟ್ಟು ಬೇರೆ ಊರಿನ ಕಾಲೇಜಿಗೆ ಪಾಠ ಮಾಡಲು ಹೋದೆ. ಬಿಟ್ಟುಹೋಗುವುದು ನನ್ನ ಸ್ವಭಾವ.

ಪಾಟೀಲರೂ ಶರಣಪ್ಪನವರೂ ಈಗಿಲ್ಲ. ಮೊಬೈಲ್ ಅಂಗಡಿಯಿಂದ ಹೊರಬಂದು ಹಳೆಯ ಬೀದಿಗೆ ಹೋದೆ. ಮನೆ ಇದ್ದಲ್ಲಿ ಫ್ಲ್ಯಾಟುಗಳಿವೆ. ಕೆಳಗಿನ ಒಂದರಲ್ಲಿ ವೈನಿ ಮಗಳ ಜೊತೆ ಇದ್ದಾರೆ. ಕೇಳಿದೆ. “ಕಿಡಕಿ ಗ್ಲಾಸ್ ಒಡೆದದ್ದು ನೆನಪೈತಿ. ಇವ್ರು ಎರಡೂ ಕೈ ಹೊರಗ ತಗದಿದ್ದೂ ನೆನಪೈತಿ. ಉಳಿದದ್ದು ನಾ ಅಡಗಿಮನ್ಯಾಗಿದ್ನಪಾ,” ಎಂದರು. ಬೀದರಕ್ಕೆ ಫೋನು ಮಾಡಿದೆ. ಖಾದರ್ ಭಾಯಿ ನಕ್ಕರು. “ಮಾಸ್ತರ, ಢಂ ಆದ ಮ್ಯಾಲೇ ಎತ್ತಿದ್ದು. ಅವನ ಕೈ ಜಲ್ದಿ ಇತ್ತು, ಅಷ್ಟೇ. ನೀವು ಕತಿ ಕಟ್ಲತ್ತೀರಿ.” ಅವರು ಕಣ್ಣು ಮುಚ್ಚಿದ್ದರು ಎಂದು ನಾನು, ನಾನು ಆ ಕಡೆ ನೋಡುತ್ತಲೇ ಇರಲಿಲ್ಲ ಎಂದು ಅವರು. ಇಬ್ಬರ ಮಾತೂ ನಿಜವಿರಬಹುದು.

ಕಲ್ಲಿನಲ್ಲಿ ಸದ್ದು ಗಾಳಿಗಿಂತ ಬಹಳ ವೇಗವಾಗಿ ಹೋಗುತ್ತದೆ. ಅದು ಪುಸ್ತಕದಲ್ಲಿದೆ, ನಾನೇ ಪಾಠ ಮಾಡಿದ್ದೇನೆ. ಆದರೆ ಪುಸ್ತಕದಲ್ಲಿರುವುದು ಕಲ್ಲಿನ ವಿಷಯ. ಅಂಗಾಲಿಗೆ ಅದು ತಿಳಿಯುತ್ತದೆಯೇ, ತಿಳಿದರೂ ಒಂದು ಕೈ ಎದ್ದು ಸೂಜಿ ಎತ್ತುವಷ್ಟು ಸಮಯ ಉಳಿಯುತ್ತದೆಯೇ ಎಂದು ಅದರಲ್ಲಿಲ್ಲ.

ಊರಿಗೆ ಮರಳುವಾಗ ಶಹಾಬಾದಿನಲ್ಲಿ ಇಳಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಒಂದು ಕಲ್ಲುಗಣಿಯ ಉಸ್ತುವಾರಿ ನೋಡಿಕೊಳ್ಳುತ್ತಾನೆ. ಸಿಡಿತದ ಹೊತ್ತಿಗೆ ಅವನ ಆಫೀಸಿನ ಹೊರಗೆ, ಕುಳಿಯಿಂದ ಹೆಚ್ಚುಕಡಿಮೆ ನಮ್ಮ ಹಿಂದಿನ ಬಯಲಿನಷ್ಟೇ ದೂರದಲ್ಲಿ, ಬೂಟು ಕಾಲುಚೀಲ ಕಳಚಿ ಚಪ್ಪಡಿಯ ಮೇಲೆ ಕೂತೆ. “ಏನ್ ಸರ್ ಇದು?” ಎಂದು ಅವನು ನಕ್ಕ. ಮೊದಲ ಸಲ ಕಣ್ಣು ಬಿಟ್ಟಿದ್ದೆ. ಮರುದಿನ ಮತ್ತೆ ಹೋಗಿ, ಕಣ್ಣು ಕಟ್ಟಿಕೊಂಡು, ಯಾವಾಗ ಎಂದು ಹೇಳಬೇಡ ಎಂದೆ. ತಿಳಿದ ಕೂಡಲೇ ಕೈ ಎತ್ತುತ್ತೇನೆ, ನೀನು ನೋಡಿಕೋ ಎಂದೆ.

ಅಂದು ಏನಾಯಿತು ಎನ್ನುವುದಕ್ಕೆ ಇದು ಸಾಕ್ಷಿಯಲ್ಲ, ಗೊತ್ತು. ಆದರೆ ಇಷ್ಟು ಮಾತ್ರ ನಾನೇ ಪರೀಕ್ಷಿಸಿ ನೋಡಿದ್ದು: ಅಂಗಾಲಿನಲ್ಲಿ ಇರುವೆ ಹರಿದಂತೆ ಒಂದು ನಡುಕ ಬಂತು; ಕೈ ಎತ್ತಿದೆ, ಪೂರ್ತಿ ಎತ್ತಿದೆ, ಅವನೂ ನೋಡಿದ; ಸದ್ದು ಆಮೇಲೆ ಬಂತು.